ಮೇಲಿಂಗ್ ಲಿಸ್ಟ್‌ನ ಹಳೆಯ ಪತ್ರಗಳ ಸಂಗ್ರಹ ನಿಮ್ಮದೇ ಕಂಪ್ಯೂಟರಿನಲ್ಲಿ: ಎಂಹೊನಾರ್ಕ್ ಮತ್ತು ರಿಕಾಲ್ ಅಳವಡಿಸುವ ಸಮಗ್ರ ಮಾರ್ಗದರ್ಶಿ

ಮೇಲಿಂಗ್ ಲಿಸ್ಟ್ ನಡೆಸುವ ಸರ್ವರ್ ಒಂದು ದಿನ ನಿಂತುಹೋದರೆ ಅದರ ಜೊತೆಗೆ ವರ್ಷಗಟ್ಟಲೆ ನಡೆದ ಚರ್ಚೆಯೂ ಹೋಗುತ್ತದೆ. ಯಾವ ದೋಷಕ್ಕೆ ಯಾರು ಯಾವ ಪರಿಹಾರ ಹೇಳಿದ್ದರು, ಒಂದು ನಿರ್ಧಾರ ಯಾಕೆ ಹಾಗಾಯಿತು ಎಂಬುದೆಲ್ಲ ಎಷ್ಟೋ ಸಲ ಆ ಪತ್ರಗಳಲ್ಲಿ ಮಾತ್ರ ಇರುತ್ತದೆ. ಅವನ್ನು ಸ್ವಂತ ಕಂಪ್ಯೂಟರಿಗೆ ತಂದು, ಎಳೆ ಎಳೆಯಾಗಿ (ಒಂದು ಪತ್ರ, ಅದರ ಕೆಳಗೆ ಅದರ ಉತ್ತರಗಳು) ಓದುವ ಹಾಗೆ, ಬೇಕಾದ್ದನ್ನು ಹುಡುಕುವ ಹಾಗೆ ಜೋಡಿಸಿಡುವ ವಿಧಾನ ಇಲ್ಲಿದೆ.

ಕೆಲಸ ಶುರುಮಾಡುವ ಮೊದಲೇ ಒಂದು ಮಾತು ಖಚಿತವಾಗಿರಲಿ. ನೀವು ನಿಜವಾಗಿ ಕಾಪಾಡಬೇಕಾದದ್ದು ಮೂಲ ಎಂಬಾಕ್ಸ್ ಫೈಲುಗಳನ್ನು, ಅಂದರೆ ಹಲವು ಪತ್ರಗಳನ್ನು ಒಟ್ಟಿಗೆ ಪೋಣಿಸಿಟ್ಟ ಪಠ್ಯ ಫೈಲುಗಳನ್ನು. ಅದರಿಂದ ಹುಟ್ಟುವ ಎಚ್‌ಟಿಎಂಎಲ್ ಪುಟಗಳು, ಹುಡುಕಾಟದ ಸೂಚಿ, ಇವೆಲ್ಲ ಯಾವಾಗ ಬೇಕಾದರೂ ಅಳಿಸಿ ಮತ್ತೆ ಮಾಡಿಕೊಳ್ಳಬಹುದಾದವು. ಮುಂದಿನ ಪ್ರತಿ ಹಂತವೂ ಈ ಲೆಕ್ಕದ ಮೇಲೆಯೇ ನಿಂತಿದೆ.

ಯಾವ ಸಾಫ್ಟ್‌ವೇರ್, ಯಾಕೆ

ಮೇಲಿಂಗ್ ಲಿಸ್ಟ್ ನಡೆಸುವ ತಂತ್ರಾಂಶ ಮೇಲ್‌ಮ್ಯಾನ್ 3 ರ ಜೊತೆ ಬರುವ, ಹಳೆಯ ಪತ್ರ ತೋರಿಸುವ ಹೈಪರ್‌ಕಿಟಿ ನೋಡಲು ಚೆನ್ನಾಗಿದೆ. ಆದರೆ ಅದು ಜ್ಯಾಂಗೊ ಎಂಬ ವೆಬ್ ಚೌಕಟ್ಟಿನ ಮೇಲೆ ನಿಂತದ್ದು. ಅದಕ್ಕೆ ಡೇಟಾಬೇಸ್ ಬೇಕು, ವೆಬ್ ಸರ್ವರ್ ಬೇಕು, ಸದಾ ಓಡುತ್ತಿರುವ ಸೇವೆಗಳು ಬೇಕು. ಒಬ್ಬರು ಓದುವ ಡೆಸ್ಕ್‌ಟಾಪಿಗೆ ಅಷ್ಟು ಭಾರ ಹೊರಿಸುವುದು ಬೇಡ. ಪಬ್ಲಿಕ್-ಇನ್‌ಬಾಕ್ಸ್ ಗಟ್ಟಿಯಾದ ಸಾಧನ, ಪತ್ರಗಳನ್ನು ಗಿಟ್ (ಫೈಲುಗಳ ಬದಲಾವಣೆಯ ಇತಿಹಾಸ ಇಡುವ ಸಾಧನ) ಭಂಡಾರದಲ್ಲಿ ಇಡುತ್ತದೆ. ಗಿಟ್ ರೂಢಿಯಿಲ್ಲದವರಿಗೆ ಮೊದಲ ದಿನವೇ ತೊಡಕು. ನಾಟ್‌ಮಚ್ ಟರ್ಮಿನಲ್‌ನಲ್ಲೇ ಬದುಕುವವರಿಗೆ ಬಹಳ ಒಳ್ಳೆಯದು, ಆದರೆ ಅದಕ್ಕೆ ಒಂದು ಪತ್ರಕ್ಕೆ ಒಂದು ಫೈಲ್ ಇರಬೇಕು, ಎಂಬಾಕ್ಸನ್ನು ಮೊದಲು ಮೇಲ್‌ಡಿರ್ ಆಗಿ ಬದಲಿಸಬೇಕು.

ಎಂಹೊನಾರ್ಕ್ ಹಳೆಯದು, ಪರ್ಲ್‌ನಲ್ಲಿ ಬರೆದದ್ದು, ಸರ್ವರ್ ಕೇಳುವುದಿಲ್ಲ. ಎಂಬಾಕ್ಸ್ ಓದಿ ಪ್ರತಿ ಪತ್ರಕ್ಕೆ ಒಂದು ಎಚ್‌ಟಿಎಂಎಲ್ ಪುಟ ಬರೆಯುತ್ತದೆ, ದಿನಾಂಕದ ಸೂಚಿ ಮತ್ತು ಎಳೆಗಳ ಸೂಚಿ ಕಟ್ಟುತ್ತದೆ. ಬ್ರೌಸರ್ ಇದ್ದರೆ ಸಾಕು, ಎಷ್ಟು ವರ್ಷ ಕಳೆದರೂ ಪುಟ ತೆರೆಯುತ್ತದೆ. ಅದರಲ್ಲಿ ಇಲ್ಲದ್ದು ಹುಡುಕಾಟ ಮಾತ್ರ. ಆ ಕೊರತೆಯನ್ನು ಫೈಲುಗಳ ಒಳಗೆ ಪದ ಹುಡುಕುವ ತಂತ್ರಾಂಶ ರಿಕಾಲ್ ತುಂಬುತ್ತದೆ.

ಈ ಬರಹದಲ್ಲಿ ಕಮಾಂಡುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು, ದೊಡ್ಡಕ್ಷರ ಎಂದು ಹೇಳಿದ ಕಡೆ ಬಿಟ್ಟು, ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಎಂಹೊನಾರ್ಕ್ ಎಂಬುದರ ಅಕ್ಷರಗಳು: ಎಂ, ಎಚ್, ಓ, ಎನ್, ಎ, ಆರ್, ಸಿ.

ಜಾಗದ ಲೆಕ್ಕ

ಎಂಬಾಕ್ಸ್ ಎಷ್ಟಿದೆಯೋ ಅದರ ಮೂರು ಪಟ್ಟು ಜಾಗ ಖಾಲಿ ಇಟ್ಟುಕೊಳ್ಳಿ: ಮೂಲಕ್ಕೊಂದು ಪಾಲು, ಪುಟಗಳಿಗೊಂದು, ಸೂಚಿಗೊಂದು. ಪತ್ರಗಳು ಚಿಕ್ಕವಾದಷ್ಟೂ ಪುಟಗಳ ಪಾಲು ಹಿಗ್ಗುತ್ತದೆ. ಲಿನಕ್ಸ್‌ನ ಇಎಕ್ಸ್‌ಟಿ4 ಸಾಮಾನ್ಯವಾಗಿ 4 ಕೆಬಿ ತುಂಡುಗಳಲ್ಲಿ ಜಾಗ ಕೊಡುತ್ತದೆ, ಹಾಗಾಗಿ ಎರಡು ಸಾಲಿನ ಉತ್ತರದ ಪುಟವೂ ಕನಿಷ್ಠ 4 ಕೆಬಿ ತಿನ್ನುತ್ತದೆ. 1 ಲಕ್ಷ ಪತ್ರ ಎಂದರೆ ಪುಟಗಳಿಗೇ ಕನಿಷ್ಠ 400 ಎಂಬಿ.

ಅಳವಡಿಕೆ

ಡೆಬಿಯನ್ ಅಥವಾ ಉಬುಂಟುವಿನಲ್ಲಿ ಎರಡೇ ಸಾಲು:

ಸುಡೊ ಆಪ್ಟ್ ಅಪ್‌ಡೇಟ್
ಸುಡೊ ಆಪ್ಟ್ ಇನ್‌ಸ್ಟಾಲ್ ಎಂಹೊನಾರ್ಕ್ ರಿಕಾಲ್ ಡಾಸ್2ಯುನಿಕ್ಸ್

ಉಬುಂಟುವಿನಲ್ಲಿ ಪ್ಯಾಕೇಜ್ ಸಿಗಲಿಲ್ಲ ಎಂದರೆ ಯೂನಿವರ್ಸ್ ಭಂಡಾರ ಮುಚ್ಚಿರುತ್ತದೆ. ಸಾಫ್ಟ್‌ವೇರ್ ಮೂಲಗಳ ಸೆಟ್ಟಿಂಗ್‌ನಲ್ಲಿ ಅದಕ್ಕೆ ಗುರುತು ಹಾಕಿ ಮತ್ತೆ ಪ್ರಯತ್ನಿಸಿ. ಅಳವಡಿಕೆ ಆದಮೇಲೆ "ಎಂಹೊನಾರ್ಕ್ -ವಿ" ಕೊಟ್ಟು ನೋಡಿ, ಆವೃತ್ತಿಯ ಸಂಖ್ಯೆ ಬರಬೇಕು.

ವಿಂಡೋಸ್ 10 ಅಥವಾ 11 ಇದ್ದರೆ ಪವರ್‌ಶೆಲ್ಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು "ಡಬ್ಲ್ಯುಎಸ್‌ಎಲ್ --ಇನ್‌ಸ್ಟಾಲ್" ಕೊಡಿ, ಯಂತ್ರವನ್ನು ರೀಸ್ಟಾರ್ಟ್ ಮಾಡಿ. ಇದು ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ. ಅದರೊಳಗೆ ಬರುವ ಉಬುಂಟುವಿನಲ್ಲಿ ಮೇಲಿನದೇ ಕ್ರಮ. ಅಲ್ಲಿ ಒಂದು ಎಚ್ಚರ: ಕೆಲಸವನ್ನೆಲ್ಲ ಲಿನಕ್ಸ್‌ನ ಹೋಮ್ ಫೋಲ್ಡರಿನಲ್ಲೇ ಮಾಡಿ. ವಿಂಡೋಸ್‌ನ ಸಿ ಡ್ರೈವಿಗೆ ಪುಟಗಳನ್ನು ಬರೆಸಿದರೆ, ಸಾವಿರಾರು ಚಿಕ್ಕ ಫೈಲುಗಳು ಎರಡು ಫೈಲ್ ವ್ಯವಸ್ಥೆಗಳ ನಡುವೆ ದಾಟಬೇಕಾಗಿ ಬಂದು ಕೆಲಸ ತೆವಳುತ್ತದೆ.

ಹೋಮ್ ಫೋಲ್ಡರಿನಲ್ಲಿ "ಪತ್ರ" ಎಂಬ ಫೋಲ್ಡರ್ ಮಾಡಿ, ಅದರೊಳಗೆ "ಮೂಲ" ಮತ್ತು "ಪುಟ" ಎಂದು ಎರಡು. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಖಾಲಿ ಜಾಗವಿಲ್ಲದೆ ಇಡಿ.

ಮೂಲ ಪತ್ರಗಳನ್ನು ತರುವುದು

ಹೆಚ್ಚಿನ ತೊಂದರೆಗಳು ಹುಟ್ಟುವುದು ಇಲ್ಲಿ. ಪತ್ರಗಳು ಮೂರು ದಾರಿಯಿಂದ ಬರಬಹುದು, ಮೂರಕ್ಕೂ ಅದರದರದೇ ಸಮಸ್ಯೆಗಳಿವೆ.

ಮೊದಲ ದಾರಿ, ಮೇಲ್‌ಮ್ಯಾನ್ 2 ರ ಪೈಪರ್‌ಮೇಲ್ ಸಂಗ್ರಹ. ಅದು ತಿಂಗಳಿಗೊಂದು ಜಿಜಿಪ್ (ಒತ್ತಿ ಚಿಕ್ಕದು ಮಾಡಿದ) ಫೈಲ್ ಕೊಡುತ್ತದೆ, ಹೆಸರು "2009-ಮಾರ್ಚ್.ಟಿಎಕ್ಸ್‌ಟಿ.ಜಿಝಡ್" ಎಂಬ ರೀತಿ. ಡಬ್ಲ್ಯುಗೆಟ್‌ನಿಂದ ಸಾಲಾಗಿ ಇಳಿಸುವಾಗ "-ಡಬ್ಲ್ಯು 2" ಸೇರಿಸಿ. ಎರಡು ಫೈಲಿನ ನಡುವೆ 2 ಸೆಕೆಂಡು ಬಿಡುವು ಸಿಕ್ಕಿ ಸರ್ವರಿಗೆ ಹೊರೆಯಾಗುವುದಿಲ್ಲ. ಗನ್‌ಜಿಪ್ ಕಮಾಂಡಿನಿಂದ ಅವನ್ನು ಬಿಚ್ಚುವಾಗ ಕೆಲವು ಫೈಲುಗಳು ಜಿಜಿಪ್ ರೂಪದಲ್ಲಿಲ್ಲ ಎಂಬ ತಕರಾರು ಬರುವುದುಂಟು. ಫೈಲ್ ಕೆಟ್ಟಿಲ್ಲ. ಇಳಿಯುವ ದಾರಿಯಲ್ಲೇ ಅದು ಬಿಚ್ಚಿಕೊಂಡಿದೆ, ಹೆಸರಿನ ಬಾಲ ಮಾತ್ರ ಹಾಗೇ ಉಳಿದಿದೆ. "ಫೈಲ್" ಕಮಾಂಡ್ ಕೊಟ್ಟು ನೋಡಿ, ಪಠ್ಯ ಎಂದು ಬಂದರೆ ಬಾಲ ತೆಗೆದುಹಾಕಿ ಮುಂದುವರಿಯಿರಿ.

ಬಿಚ್ಚಿದ ಮೇಲೆ ತಿಂಗಳ ಹೆಸರನ್ನು ಅಂಕೆಗೆ ಬದಲಿಸಿ: 2009-03.ಎಂಬಾಕ್ಸ್. ಹಾಗೇ ಬಿಟ್ಟರೆ ಶೆಲ್ ಅಕ್ಷರಾನುಕ್ರಮದಲ್ಲಿ ಜೋಡಿಸಿ ಏಪ್ರಿಲ್ ಮೊದಲು, ಆಗಸ್ಟ್ ಆಮೇಲೆ, ಜನವರಿ ಎಲ್ಲೋ ಮಧ್ಯೆ ಬರುತ್ತದೆ. ಸೂಚಿಯನ್ನು ಎಂಹೊನಾರ್ಕ್ ದಿನಾಂಕ ನೋಡಿಯೇ ಕಟ್ಟುವುದರಿಂದ ಓದಲು ಅಡ್ಡಿಯಿಲ್ಲ, ಆದರೆ ಪುಟಗಳ ಸಂಖ್ಯೆ ಓದಿದ ಕ್ರಮದಲ್ಲೇ ಬೀಳುತ್ತದೆ. ಮುಂದೆ ಪುಟದ ಹೆಸರು ನೋಡಿ ಕಾಲ ಅಂದಾಜು ಮಾಡಬೇಕೆಂದರೆ ಈ ಸಣ್ಣ ಶ್ರಮ ಸಾರ್ಥಕ. ಪೈಪರ್‌ಮೇಲ್ ಫೈಲುಗಳ ಮಿತಿಯೂ ಗೊತ್ತಿರಲಿ: ಅವುಗಳಲ್ಲಿ ಕೆಲವೇ ಹೆಡರ್‌ಗಳು (ಕಳಿಸಿದವರು, ದಿನಾಂಕ, ವಿಷಯ ಮುಂತಾದ ತಲೆಸಾಲುಗಳು) ಇರುತ್ತವೆ, ಲಗತ್ತುಗಳ ಜಾಗದಲ್ಲಿ ಹಲವು ಕಡೆ ಕೊಂಡಿ ಮಾತ್ರ ಇರುತ್ತದೆ. ಸರ್ವರ್ ಜೀವಂತ ಇರುವಾಗಲೇ ಆ ಲಗತ್ತುಗಳನ್ನೂ ಬೇರೆಯಾಗಿ ಇಳಿಸಿಕೊಳ್ಳಿ.

ಎರಡನೆಯದು ಜಿಮೇಲ್. ಲಿಸ್ಟ್‌ನ ಪತ್ರಗಳಿಗೆ ಒಂದು ಲೇಬಲ್ ಹಾಕಿ, ಗೂಗಲ್ ಟೇಕ್‌ಔಟ್‌ನಲ್ಲಿ ಮೇಲ್ ಆರಿಸಿ, ಆ ಒಂದು ಲೇಬಲ್ ಮಾತ್ರ ಇಳಿಸಿ. ಪೂರ್ತಿ ಹೆಡರ್‌ಗಳು, ಲಗತ್ತುಗಳು ಎಲ್ಲ ಇರುವುದರಿಂದ ಸಿಗುವುದಾದರೆ ಇದೇ ಉತ್ತಮ ಮೂಲ.

ಮೂರನೆಯದು ಥಂಡರ್‌ಬರ್ಡ್. ಫೋಲ್ಡರಿಗೊಂದು ಎಂಬಾಕ್ಸ್ ಫೈಲ್ ಪ್ರೊಫೈಲ್ ಒಳಗೆ ಬಾಲವಿಲ್ಲದ ಹೆಸರಿನಲ್ಲಿ ಇರುತ್ತದೆ. ಪಕ್ಕದಲ್ಲಿರುವ ಎಂಎಸ್‌ಎಫ್ ಫೈಲ್ ಬರೀ ಸೂಚಿ, ಅದು ಬೇಡ. ನಕಲು ಮಾಡುವ ಮೊದಲು ಆ ಫೋಲ್ಡರನ್ನು ಕಡ್ಡಾಯವಾಗಿ ಕಾಂಪ್ಯಾಕ್ಟ್ ಮಾಡಿ. ಅಳಿಸಿದ ಪತ್ರ ಪರದೆಯಿಂದ ಮರೆಯಾದರೂ ಕಾಂಪ್ಯಾಕ್ಟ್ ಆಗುವ ತನಕ ಫೈಲಿನೊಳಗೆ ಉಳಿದಿರುತ್ತದೆ. ಇಲ್ಲವಾದರೆ ಎಂದೋ ಕಸಕ್ಕೆ ಹಾಕಿದ ಪತ್ರಗಳೆಲ್ಲ ಹೊಸ ಸಂಗ್ರಹದಲ್ಲಿ ಎದ್ದು ಕೂರುತ್ತವೆ.

ಟೇಕ್‌ಔಟ್‌ನಿಂದ ಅಥವಾ ವಿಂಡೋಸ್‌ನಿಂದ ಬಂದ ಫೈಲುಗಳಲ್ಲಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಹೆಚ್ಚುವರಿ ಚಿಹ್ನೆ ಇರಬಹುದು. ನಕಲಿನ ಮೇಲೆ "ಡಾಸ್2ಯುನಿಕ್ಸ್" ಓಡಿಸಿ ಸರಿಮಾಡಿ. ಇದನ್ನು ಬಿಟ್ಟರೆ ಮುಂದಿನ ಪರೀಕ್ಷೆ ತಪ್ಪು ಉತ್ತರ ಕೊಡುತ್ತದೆ.

ಫ್ರಮ್ ಸಾಲಿನ ಪರೀಕ್ಷೆ

ಎಂಬಾಕ್ಸ್ ಎಂದರೆ ಪತ್ರದ ಹಿಂದೆ ಪತ್ರ ಪೋಣಿಸಿದ ಒಂದು ಉದ್ದದ ಪಠ್ಯ. ಒಂದು ಪತ್ರ ಮುಗಿದು ಇನ್ನೊಂದು ಶುರುವಾಯಿತು ಎಂದು ತಿಳಿಯಲು ಇರುವ ಗುರುತು ಒಂದೇ: "ಫ್ರಮ್" ಮತ್ತು ಒಂದು ಖಾಲಿ ಜಾಗದಿಂದ ಶುರುವಾಗುವ ಸಾಲು. ಹೆಡರಿನ "ಫ್ರಮ್:" ಇದಲ್ಲ, ಅದಕ್ಕೆ ಕೋಲನ್ ಇರುತ್ತದೆ. ಪತ್ರ ಬರೆದವರು ಯಾವುದೋ ಪ್ಯಾರಾವನ್ನು ಅದೇ ಪದದಿಂದ ಶುರುಮಾಡಿದ್ದರೆ ಏನಾಗಬೇಕು? ಒಳ್ಳೆಯ ತಂತ್ರಾಂಶ ಅಂಥ ಸಾಲಿನ ಮುಂದೆ > ಚಿಹ್ನೆ ಹಾಕಿ ಉಳಿಸುತ್ತದೆ. ಎಲ್ಲವೂ ಹಾಗೆ ಮಾಡುವುದಿಲ್ಲ. ಆಗ ಪತ್ರ ಅಲ್ಲೇ ಎರಡಾಗಿ ಸೀಳುತ್ತದೆ: ಮೊದಲರ್ಧ ಮಾತು ಮುಗಿಸದೆ ನಿಲ್ಲುತ್ತದೆ, ಉಳಿದರ್ಧ ವಿಷಯವಿಲ್ಲದ, ಕಳಿಸಿದವರ ಹೆಸರಿಲ್ಲದ, ಯಾವ ಎಳೆಗೂ ಸೇರದ ಅನಾಥ ಪುಟವಾಗುತ್ತದೆ.

ಸಾಲುಗಳನ್ನು ಹುಡುಕುವ ಗ್ರೆಪ್ ಕಮಾಂಡಿನಿಂದ ಎರಡು ಸಲ ಎಣಿಸಿ ನೋಡಿದರೆ ಇದು ಮೊದಲೇ ತಿಳಿಯುತ್ತದೆ.

ಗ್ರೆಪ್ -ಎ -ಸಿ '^ಫ್ರಮ್ ' 2009-03.ಎಂಬಾಕ್ಸ್
ಗ್ರೆಪ್ -ಎ -ಸಿ '^ಫ್ರಮ್ .*[0-9][0-9]:[0-9][0-9]:[0-9][0-9] .*[0-9][0-9][0-9][0-9]$' 2009-03.ಎಂಬಾಕ್ಸ್

ಇಲ್ಲಿ "ಫ್ರಮ್" ಪದದ ಮೊದಲಕ್ಷರ ಮಾತ್ರ ದೊಡ್ಡಕ್ಷರ. ನಿಜವಾದ ಗಡಿಸಾಲಿನಲ್ಲಿ ಸಾಮಾನ್ಯವಾಗಿ ಗಂಟೆ, ನಿಮಿಷ, ಸೆಕೆಂಡು ಇದ್ದು ಕೊನೆಗೆ 4 ಅಂಕೆಯ ವರ್ಷ ಇರುತ್ತದೆ. ಎರಡನೆಯ ಸಾಲು ಎಣಿಸುವುದು ಅಂಥವನ್ನು ಮಾತ್ರ. ಎರಡೂ ಸಂಖ್ಯೆ ಒಂದೇ ಆದರೆ ಫೈಲ್ ಶುದ್ಧ. ಮೊದಲನೆಯದು 412, ಎರಡನೆಯದು 409 ಎಂದು ಬಂದರೆ ಮೂರು ಕಡೆ ಪತ್ರ ಸೀಳಲಿದೆ. ಎರಡನೆಯದು ಸೊನ್ನೆ ಬಂದರೆ ಮೊದಲು ಡಾಸ್2ಯುನಿಕ್ಸ್ ಮರೆತಿರಾ ನೋಡಿ. "-ಎ" ಬೇಕಾದದ್ದು ಯಾಕೆಂದರೆ ಹಳೆಯ ಪತ್ರಗಳಲ್ಲಿ ಬೇರೆ ಬೇರೆ ಅಕ್ಷರ ಸಂಕೇತಗಳು ಬೆರೆತಿದ್ದು ಗ್ರೆಪ್ ಇಡೀ ಫೈಲನ್ನೇ ಬೈನರಿ ಎಂದು ತಿಳಿಯಬಹುದು.

ಮೂಲ ಫೈಲನ್ನು ಕೈಯಿಂದ ತಿದ್ದಲು ಹೋಗಬೇಡಿ. ಅದೇ ಕಟ್ಟುನಿಟ್ಟಿನ ನಮೂನೆಯನ್ನು ಎಂಹೊನಾರ್ಕ್‌ಗೆ ಹೇಳಿಕೊಟ್ಟರೆ ಸಾಕು.

ಸೆಟ್ಟಿಂಗ್ ಫೈಲ್

"ಡಿಪಿಕೆಜಿ -ಎಲ್ ಎಂಹೊನಾರ್ಕ್ | ಗ್ರೆಪ್ ಯುಟಿಎಫ್" ಕೊಡಿ. ಇಲ್ಲಿ "-ಎಲ್" ದೊಡ್ಡಕ್ಷರ. ಉದಾಹರಣೆಗಳ ಫೋಲ್ಡರಿನಲ್ಲಿ "ಯುಟಿಎಫ್-8-ಎನ್‌ಕೋಡ್.ಎಂಆರ್‌ಸಿ" ಎಂಬ ಫೈಲ್ ಎಲ್ಲಿದೆ ಎಂದು ತೋರಿಸುತ್ತದೆ. ಅದನ್ನು ಪತ್ರ ಫೋಲ್ಡರಿಗೆ ನಕಲಿಸಿ "ನನ್ನ.ಎಂಆರ್‌ಸಿ" ಎಂದು ಹೆಸರಿಡಿ. ಕೊನೆಗೆ ಜಿಝಡ್ ಬಾಲ ಇದ್ದರೆ ಮೊದಲು ಗನ್‌ಜಿಪ್ ಮಾಡಿಕೊಳ್ಳಿ.

ಈ ಫೈಲ್ ಎಲ್ಲ ಪತ್ರಗಳನ್ನೂ ಎಲ್ಲ ಭಾಷೆಗಳಿಗೂ ಹೊಂದುವ ಅಕ್ಷರ ಸಂಕೇತವಾದ ಯುಟಿಎಫ್-8 ಗೆ ತಂದು ಬರೆಯಲು ಹೇಳುತ್ತದೆ. ಇಲ್ಲದಿದ್ದರೆ ಎಂಹೊನಾರ್ಕ್ ಇಂಗ್ಲಿಷೇತರ ಅಕ್ಷರಗಳನ್ನು ಸಂಖ್ಯಾ ಸಂಕೇತವಾಗಿ ಬರೆಯುತ್ತದೆ. ಕ ಎಂಬ ಅಕ್ಷರ ಪುಟದ ಒಳಗೆ 0ಸಿ95 ಎಂಬ ಸಂಖ್ಯೆಯಾಗಿ ಕೂರುತ್ತದೆ. ಬ್ರೌಸರಿನಲ್ಲಿ ಸರಿಯಾಗಿಯೇ ಕಾಣುತ್ತದೆ, ಆದರೆ ಗ್ರೆಪ್‌ನಲ್ಲಿ ಹುಡುಕಿದರೆ ಒಂದೂ ಸಿಗುವುದಿಲ್ಲ.

ಅದೇ ಫೈಲಿನ ಕೊನೆಗೆ ಎರಡು ಅಂಶ ಸೇರಿಸಿ:

<ಎಂಎಸ್‌ಜಿಸೆಪ್>
^ಫ್ರಮ್ .*[0-9][0-9]:[0-9][0-9]:[0-9][0-9] .*[0-9][0-9][0-9][0-9]$
</ಎಂಎಸ್‌ಜಿಸೆಪ್>

<ಮೈಮ್‌ಆಲ್ಟ್‌ಪ್ರೆಫ್ಸ್>
ಟೆಕ್ಸ್ಟ್/ಪ್ಲೇನ್
ಟೆಕ್ಸ್ಟ್/ಎಚ್‌ಟಿಎಂಎಲ್
</ಮೈಮ್‌ಆಲ್ಟ್‌ಪ್ರೆಫ್ಸ್>

ಎರಡನೆಯದರ ಉಪಯೋಗ ದೊಡ್ಡದು. ಬಹಳಷ್ಟು ಪತ್ರಗಳಲ್ಲಿ ಒಂದೇ ಮಾತು ಸರಳ ಪಠ್ಯವಾಗಿಯೂ ಎಚ್‌ಟಿಎಂಎಲ್ ಆಗಿಯೂ ಎರಡು ರೂಪದಲ್ಲಿರುತ್ತದೆ. ಸರಳ ಪಠ್ಯವನ್ನೇ ಆರಿಸಿಕೊಂಡರೆ ಪುಟ ಹಗುರ, ಓದಲು ಹಿತ, ಒಳಗೆ ಅಡಗಿದ ಬೇಡದ ಸಂಕೇತಗಳ ಭಯವೂ ಕಡಿಮೆ.

ಮೊದಲ ಓಟ

ಎಲ್ಲವನ್ನೂ ಒಮ್ಮೆಗೇ ಕೊಡಬೇಡಿ. ಒಂದು ತಿಂಗಳ ಫೈಲ್ ಆರಿಸಿ, ಪುಟ ಫೋಲ್ಡರಿನ ಬದಲು "ಪರೀಕ್ಷೆ" ಎಂಬ ಇನ್ನೊಂದು ಫೋಲ್ಡರ್ ಮಾಡಿ ಅಲ್ಲಿಗೆ ಬರೆಸಿ. ಕಮಾಂಡ್ ಹೀಗಿದೆ, ಎಲ್ಲವೂ ಒಂದೇ ಸಾಲಿನಲ್ಲಿ:

ಎಂಹೊನಾರ್ಕ್ -ಆರ್‌ಸಿಫೈಲ್ ನನ್ನ.ಎಂಆರ್‌ಸಿ -ಔಟ್‌ಡಿರ್ ಪರೀಕ್ಷೆ -ಮಲ್ಟಿಪಿಜಿ -ಐಡಿಎಕ್ಸ್‌ಸೈಜ್ 200 -ಟಿಲೆವೆಲ್ಸ್ 8 -ಮಾಡ್‌ಟೈಮ್ ಮೂಲ/2009-03.ಎಂಬಾಕ್ಸ್

"ಐಡಿಎಕ್ಸ್‌ಸೈಜ್ 200" ಎಂದರೆ ಸೂಚಿಯ ಒಂದು ಪುಟಕ್ಕೆ 200 ಪತ್ರ. ಜೊತೆಗೆ "ಮಲ್ಟಿಪಿಜಿ" ಇರಲೇಬೇಕು; ಇಲ್ಲದಿದ್ದರೆ ಸೂಚಿ 200ಕ್ಕೆ ನಿಂತುಬಿಡುತ್ತದೆ, ಉಳಿದ ಪತ್ರ ಎಲ್ಲಿ ಹೋಯಿತೆಂದು ನೀವು ಹುಡುಕುತ್ತಿರುತ್ತೀರಿ. ಎಳೆಗಳ ಆಳ ಮೊದಲಿಗೆ 3 ಹಂತಕ್ಕೆ ಮಾತ್ರ ನಿಗದಿಯಾಗಿದೆ. ಉತ್ತರಕ್ಕೆ ಉತ್ತರ ಬೆಳೆದ ಚರ್ಚೆಯಲ್ಲಿ ಅದು ಸಾಲದು, ಅದಕ್ಕೇ 8. "ಮಾಡ್‌ಟೈಮ್" ಪುಟದ ಫೈಲಿಗೆ ಪತ್ರದ ದಿನಾಂಕವನ್ನೇ ಹಾಕುತ್ತದೆ. ಇದರ ಬೆಲೆ ಹುಡುಕುವಾಗ ತಿಳಿಯುತ್ತದೆ.

ಫೋಲ್ಡರಿನಲ್ಲಿ "ಮೇಲ್‌ಲಿಸ್ಟ್.ಎಚ್‌ಟಿಎಂಎಲ್" ದಿನಾಂಕದ ಸೂಚಿ, "ಥ್ರೆಡ್ಸ್.ಎಚ್‌ಟಿಎಂಎಲ್" ಎಳೆಗಳದ್ದು. ಎಳೆಗಳ ಸೂಚಿಯನ್ನೇ ಮೊದಲು ತೆರೆಯಿರಿ. ನಿಮಗೆ ಗೊತ್ತಿರುವ ಒಂದು ಚರ್ಚೆ ಹುಡುಕಿ, ಉತ್ತರಗಳು ಸರಿಯಾದ ಪತ್ರದ ಕೆಳಗೇ ಬಂದಿವೆಯೇ ನೋಡಿ. ಬೇರೆ ಬೇರೆ ಭಾಷೆಯ ಎರಡು ಮೂರು ಪತ್ರ ತೆರೆದು ಅಕ್ಷರ ನೋಡಿ. ಇಡೀ ಪುಟದ ಅಕ್ಷರ ಕಲಸಿಹೋಗಿದ್ದರೆ ಬ್ರೌಸರ್ ಸಂಕೇತವನ್ನು ತಪ್ಪಾಗಿ ಊಹಿಸಿದೆ. ಫೈರ್‌ಫಾಕ್ಸ್‌ನ ವ್ಯೂ ಮೆನುವಿನಲ್ಲಿ ಪಠ್ಯದ ಸಂಕೇತ ಸರಿಪಡಿಸುವ ಆಯ್ಕೆ ಒತ್ತಿ ನೋಡಿ. ಯಾವುದೋ ಒಂದು ಪತ್ರ ಮಾತ್ರ ಹಾಗಿದ್ದರೆ ಕಳಿಸಿದವರ ತಂತ್ರಾಂಶವೇ ತಪ್ಪು ಸಂಕೇತ ಘೋಷಿಸಿರುವ ಸಾಧ್ಯತೆ ಹೆಚ್ಚು.

ಒಂದಕ್ಕೊಂದು ಸಂಬಂಧವಿಲ್ಲದ ಪತ್ರಗಳು ಒಂದೇ ಎಳೆಯಲ್ಲಿ ಕಂಡವೇ? ಎಂಹೊನಾರ್ಕ್ ಮೊದಲು ನೋಡುವುದು ಪತ್ರಗಳ ಗುರುತುಸಂಖ್ಯೆ ಮತ್ತು ಉಲ್ಲೇಖದ ಹೆಡರ್‌ಗಳನ್ನು; ಅವು ಸಿಗದಿದ್ದಾಗ ವಿಷಯದ ಸಾಲು ಹೊಂದಿಸಿ ಸೇರಿಸುತ್ತದೆ. "ಸಹಾಯ ಬೇಕು" ಎಂಬ ವಿಷಯದಲ್ಲಿ ಹತ್ತು ಜನ ಹತ್ತು ವರ್ಷದಲ್ಲಿ ಬರೆದ ಪತ್ರಗಳು ಹೀಗೆ ಒಂದೇ ಗೊಂಚಲಾಗುತ್ತವೆ. ಕಮಾಂಡಿಗೆ "-ನೋಸಬ್ಜೆಕ್ಟ್‌ಥ್ರೆಡ್ಸ್" ಸೇರಿಸಿದರೆ ಇದು ನಿಲ್ಲುತ್ತದೆ. ಉಲ್ಲೇಖದ ಹೆಡರ್ ಇಲ್ಲದ ಉತ್ತರಗಳು ಆಗ ಒಂಟಿಯಾಗುತ್ತವೆ, ಅದು ಅದರ ಬೆಲೆ. ಹೆಡರ್ ಪೂರ್ತಿ ಇರುವ ಸಂಗ್ರಹಕ್ಕೆ ಇದನ್ನು ಹಾಕಿ, ಅರೆಬರೆ ಇದ್ದರೆ ಬೇಡ.

ಸರಿ ಅನ್ನಿಸಿದ ಮೇಲೆ ಪರೀಕ್ಷೆ ಫೋಲ್ಡರನ್ನು ಪೂರ್ತಿ ಅಳಿಸಿ. ಈಗ ಅದೇ ಕಮಾಂಡನ್ನು "-ಔಟ್‌ಡಿರ್ ಪುಟ" ಎಂದು ಬದಲಿಸಿ, ಕೊನೆಯಲ್ಲಿ "ಮೂಲ/*.ಎಂಬಾಕ್ಸ್" ಕೊಟ್ಟು ಓಡಿಸಿ. ಫೈಲುಗಳ ಹೆಸರನ್ನೇ ಕೊಡಬೇಕು. ಬರೀ "ಮೂಲ" ಎಂದು ಫೋಲ್ಡರ್ ಕೊಟ್ಟರೆ ಎಂಹೊನಾರ್ಕ್ ಅದನ್ನು ಪತ್ರಕ್ಕೊಂದು ಫೈಲ್ ಇರುವ ಎಂಎಚ್ ಫೋಲ್ಡರ್ ಎಂದು ತಿಳಿದು, ಅಂಕೆಯ ಹೆಸರಿನ ಫೈಲುಗಳನ್ನು ಹುಡುಕಿ, ಏನೂ ಸಿಗದೆ ಖಾಲಿ ಕೈಯಲ್ಲಿ ಮರಳುತ್ತದೆ. ಎಲ್ಲ ತಿಂಗಳನ್ನೂ ಮೊದಲೇ ಒಂದೇ ಫೈಲಾಗಿ ಅಂಟಿಸುವ ಅಗತ್ಯವೂ ಇಲ್ಲ. ಒಂದು ಫೈಲಿನ ಕೊನೆಯ ಸಾಲು ಮುರಿಯದಿದ್ದರೆ ಮುಂದಿನ ಫೈಲಿನ ಗಡಿಸಾಲು ಅದಕ್ಕೇ ಅಂಟಿಕೊಂಡು ಒಂದು ಪತ್ರ ಕಾಣೆಯಾಗುತ್ತದೆ.

ಹೊಸ ತಿಂಗಳು ಬಂದಾಗ

ಎಂಹೊನಾರ್ಕ್ -ಆಡ್ -ಔಟ್‌ಡಿರ್ ಪುಟ ಮೂಲ/2009-04.ಎಂಬಾಕ್ಸ್

"-ಆಡ್" ಮರೆಯಬೇಡಿ, ಇಲ್ಲದಿದ್ದರೆ ಹೊಸ ಸಂಗ್ರಹವೇ ಶುರುವಾಗಿ ಹಳೆಯದರ ಮೇಲೆ ಬರೆಯುತ್ತದೆ. ಮೊದಲ ಓಟದ ಆಯ್ಕೆಗಳೆಲ್ಲ ಪುಟ ಫೋಲ್ಡರಿನ ಗುಪ್ತ ಡೇಟಾಬೇಸ್ ಫೈಲಿನಲ್ಲಿ ಉಳಿದಿರುತ್ತವೆ, ಮತ್ತೆ ಹೇಳಬೇಕಾಗಿಲ್ಲ. ಅದೇ ಫೈಲನ್ನು ತಪ್ಪಿ ಎರಡು ಸಲ ಕೊಟ್ಟರೂ ಚಿಂತೆಯಿಲ್ಲ; ಗುರುತುಸಂಖ್ಯೆ ನೋಡಿ ಈಗಾಗಲೇ ಇರುವ ಪತ್ರವನ್ನು ಬಿಟ್ಟುಬಿಡುತ್ತದೆ.

ನಡುವೆ ಕರೆಂಟ್ ಹೋದರೆ ಅಥವಾ ನೀವೇ ನಿಲ್ಲಿಸಿದರೆ ಮುಂದಿನ ಸಲ ಸಂಗ್ರಹಕ್ಕೆ ಬೀಗ ಹಾಕಲು ಯತ್ನಿಸುತ್ತಿದ್ದೇನೆ ಎಂಬ ಸಂದೇಶ ಬಂದು ಕೆಲಸ ನಿಲ್ಲಬಹುದು. ಪುಟ ಫೋಲ್ಡರಿನಲ್ಲಿ "ಎಲ್‌ಸಿಕೆ" ಬಾಲದ ಗುಪ್ತ ಫೋಲ್ಡರ್ ಉಳಿದಿರುತ್ತದೆ. ಬೇರೆ ಎಂಹೊನಾರ್ಕ್ ಓಡುತ್ತಿಲ್ಲ ಎಂದು ಖಚಿತಪಡಿಸಿಕೊಂಡು ಅದನ್ನು ತೆಗೆಯಿರಿ.

ಸೂಚಿಯ ರೂಪ ಬದಲಿಸಲು "-ಎಡಿಟ್‌ಐಡಿಎಕ್ಸ್" ಸಾಕು. ಆದರೆ ಅಕ್ಷರ ಸಂಕೇತವನ್ನೋ ಗಡಿಸಾಲಿನ ನಮೂನೆಯನ್ನೋ ಬದಲಿಸಿದರೆ ಅದು ನಡೆಯುವುದಿಲ್ಲ, ಪತ್ರದ ಒಡಲನ್ನು ಅದು ಮತ್ತೆ ಪರಿವರ್ತಿಸುವುದಿಲ್ಲ. ಪುಟ ಫೋಲ್ಡರ್ ಅಳಿಸಿ ಮೂಲದಿಂದ ಮತ್ತೆ ಮಾಡುವುದೊಂದೇ ದಾರಿ. ಸಂಗ್ರಹ ಬೆಳೆದಂತೆ "-ಆಡ್" ನಿಧಾನವಾಗುತ್ತದೆ, ಪ್ರತಿ ಸಲವೂ ಇಡೀ ಡೇಟಾಬೇಸ್ ಓದಬೇಕಲ್ಲ. ತೀರ ದೊಡ್ಡದಾದರೆ ವರ್ಷಕ್ಕೊಂದು ಪುಟ ಫೋಲ್ಡರ್ ಮಾಡಿ. ಡಿಸೆಂಬರಿನಿಂದ ಜನವರಿಗೆ ದಾಟಿದ ಎಳೆಗಳು ಮಾತ್ರ ತುಂಡಾಗುತ್ತವೆ.

ಹುಡುಕಾಟ

ರಿಕಾಲ್ ಮೊದಲ ಸಲ ತೆರೆದಾಗ ಸೂಚೀಕರಣದ ಸೆಟ್ಟಿಂಗ್ ಕೇಳುತ್ತದೆ. ಇಡೀ ಹೋಮ್ ಫೋಲ್ಡರಿನ ಬದಲು ಪುಟ ಫೋಲ್ಡರ್ ಒಂದನ್ನೇ ಕೊಡಿ. ಬಿಡಬೇಕಾದ ಹೆಸರುಗಳ ಪಟ್ಟಿಗೆ ಎಂಹೊನಾರ್ಕ್‌ನ ಸೂಚಿ ಪುಟಗಳನ್ನು ಸೇರಿಸಿ: "ಮೇಲ್*.ಎಚ್‌ಟಿಎಂಎಲ್", "ಥ್ರೆಡ್ಸ್.ಎಚ್‌ಟಿಎಂಎಲ್", "ಟಿಎಚ್‌ಆರ್‌ಡಿ*.ಎಚ್‌ಟಿಎಂಎಲ್". ಇಲ್ಲದಿದ್ದರೆ ಯಾವ ಪದ ಹುಡುಕಿದರೂ ಪತ್ರದ ಜೊತೆಗೆ ಅದರ ವಿಷಯಸಾಲು ಇರುವ ಪಟ್ಟಿಗಳೂ ಬಂದು ತುಂಬುತ್ತವೆ.

ಪೂರ್ತಿ ಪದಗುಚ್ಛಕ್ಕೆ ಜೋಡಿ ಉದ್ಧರಣ ಚಿಹ್ನೆ, ಬೇಡದ ಪದದ ಮುಂದೆ ಮೈನಸ್. ಇಂಗ್ಲಿಷ್ ಪದದ ಮೊದಲಕ್ಷರ ದೊಡ್ಡದಾಗಿ ಬರೆದರೆ ಆ ಪದದ ಬೇರೆ ರೂಪಗಳನ್ನು ಸೇರಿಸದೆ ಅಷ್ಟನ್ನೇ ಹುಡುಕುತ್ತದೆ. ದಿನಾಂಕಕ್ಕೆ "ಡೇಟ್:2009-01/2010-06" ಎಂದು ಬರೆಯಬಹುದು. ರಿಕಾಲ್ ಇಲ್ಲಿ ನೋಡುವುದು ಫೈಲಿನ ದಿನಾಂಕವನ್ನು. "ಮಾಡ್‌ಟೈಮ್" ಹಾಕದೆ ಪುಟ ಮಾಡಿದ್ದರೆ ಹತ್ತು ವರ್ಷದ ಪತ್ರಗಳಿಗೆಲ್ಲ ನೀವು ಅಳವಡಿಸಿದ ದಿನವೇ ದಿನಾಂಕ.

ಹೊಸ ತಿಂಗಳು ಸೇರಿಸಿದ ಮೇಲೆ ಪ್ರತಿ ಸಲವೂ "ರಿಕಾಲ್‌ಇಂಡೆಕ್ಸ್" ಓಡಿಸಿ. ಬದಲಾದ ಪುಟಗಳನ್ನು ಮಾತ್ರ ಓದುತ್ತದೆ.

ಮೂಲದ ರಕ್ಷಣೆ

ಫೈಲ್ ಬದಲಾಗಿದೆಯೇ ಎಂದು ಮುಂದೆ ತಿಳಿಯಲು ಪ್ರತಿ ಫೈಲಿನ ಪರಿಶೀಲನಾ ಮೊತ್ತ ಬರೆದಿಡಬೇಕು. ಮೂಲ ಫೋಲ್ಡರಿನ ಒಳಗೆ ನಿಂತು ಹೀಗೆ ಮಾಡಿ:

ಎಸ್‌ಎಚ್‌ಎ256ಸಮ್ *.ಎಂಬಾಕ್ಸ್ > ಮೊತ್ತ

ನಂತರ ಇಡೀ ಫೋಲ್ಡರನ್ನು, ಜೊತೆಗೆ "ನನ್ನ.ಎಂಆರ್‌ಸಿ" ಫೈಲನ್ನು, ಬೇರೆ ಡಿಸ್ಕಿಗೆ ನಕಲಿಸಿ. ನಕಲಿನಲ್ಲಿ ನಿಂತು "ಎಸ್‌ಎಚ್‌ಎ256ಸಮ್ -ಸಿ ಮೊತ್ತ" ಕೊಟ್ಟರೆ ಪ್ರತಿ ಫೈಲಿನ ಮುಂದೆ ಸರಿ ಎಂದು ಬರಬೇಕು. ಹೊಸ ತಿಂಗಳು ಸೇರಿದಾಗಲೆಲ್ಲ ಮೊತ್ತವನ್ನು ಹೊಸದಾಗಿ ಬರೆಸಿ, ಆದರೆ ಬರೆಸುವ ಮುಂಚೆ ಹಳೆಯ ಮೊತ್ತದೊಂದಿಗೆ ಒಮ್ಮೆ ಹೋಲಿಸಿ. ಇಲ್ಲದಿದ್ದರೆ ನಡುವೆ ಕೆಟ್ಟ ಫೈಲೊಂದು ಸರಿಯಾದದ್ದೆಂದೇ ದಾಖಲಾಗುತ್ತದೆ.

ಸದಸ್ಯರಿಗೆ ಮಾತ್ರ ಮೀಸಲಾದ ಲಿಸ್ಟ್ ಆಗಿದ್ದರೆ ಪುಟಗಳನ್ನು ಬೇರೆಯವರಿಗೆ ಕೊಡುವ ಮುಂಚೆ ಸದಸ್ಯರ ಒಪ್ಪಿಗೆ ಕೇಳಿ. ಬಹಿರಂಗ ಲಿಸ್ಟ್‌ನದ್ದಾದರೂ ಕೊಡುವ ಪ್ರತಿಯನ್ನು "-ಸ್ಪ್ಯಾಮ್‌ಮೋಡ್" ಸೇರಿಸಿ ಬೇರೆ ಫೋಲ್ಡರಿಗೆ ಮೂಲದಿಂದ ಹೊಸದಾಗಿ ಮಾಡಿ, ಪುಟಗಳಲ್ಲಿ ಇಮೇಲ್ ವಿಳಾಸಗಳು ಮರೆಯಾಗಿರುತ್ತವೆ. ಮೂಲ ಎಂಬಾಕ್ಸ್‌ನಲ್ಲಿ ಆ ವಿಳಾಸಗಳು ಹಾಗೇ ಇರುವುದರಿಂದ ಅದನ್ನು ಜೊತೆಗೆ ಕಳಿಸಬೇಡಿ.